ಹಿತ್ತಿಲ ಕೊಳಕ್ಕೆ ಇನ್ನೊಂದು ಪಂಪು

ಮೇ ತಿಂಗಳ ಕೊನೆಯ ಸೋಮವಾರ ಅಮೆರಿಕದಲ್ಲಿ ರಜೆ. ಯುದ್ಧಗಳಲ್ಲಿ ಮಡಿದ ಸೈನಿಕರನ್ನು ನೆನೆಯುವ ದಿನ ಅದು. ಹಿತ್ತಿಲಿನಲ್ಲಿ ಈಜುಕೊಳ ಇಟ್ಟುಕೊಂಡವರ ಪಾಲಿಗೆ ಬೇಸಿಗೆಯ ಆರಂಭವೂ ಅಂದೇ. ಚಳಿಗಾಲವಿಡೀ ಕೊಳಕ್ಕೆ ಹೊದಿಸಿದ್ದ ದಪ್ಪ ಹಾಳೆಯನ್ನು ಆ ವಾರ ಸರಿಸುತ್ತಾರೆ. ಎಷ್ಟೋ ಮನೆಗಳಲ್ಲಿ ಒಳಗಿನ ನೀರು ಪಾಚಿಗಟ್ಟಿ ನಮ್ಮ ಕಡೆಯ ಹಾಳುಬಿದ್ದ ಕಲ್ಯಾಣಿಯ ನೀರಿನಂತೆ ಹಸಿರಾಗಿರುತ್ತದೆ. ಪಂಪು ಹಾಕುತ್ತಾರೆ, ಕ್ಲೋರಿನ್ ಸುರಿಯುತ್ತಾರೆ, ಎರಡು ದಿನ ಕಾಯುತ್ತಾರೆ. ಆಗಲೂ ತಳ ಕಾಣದಿದ್ದರೆ ಮನೆಯ ಯಜಮಾನನಿಗೆ ಒಂದು ಯೋಚನೆ ಹೊಳೆಯುತ್ತದೆ. ಇನ್ನೊಂದು ಪಂಪು, ಇನ್ನೊಂದು ಫಿಲ್ಟರ್ ತಂದು ಜೋಡಿಸಿಬಿಟ್ಟರೆ ಹೇಗೆ?

ಒಂದೇ ಎತ್ತಿನಿಂದ ಕದಲದ ಗಾಡಿಗೆ ಎರಡನೆಯದನ್ನೂ ಕಟ್ಟಿದರಾಯಿತು ಎಂಬಷ್ಟು ಸರಳವಾದ ಲೆಕ್ಕ ಇದು. ಆದರೆ ನೀರು ಎತ್ತಿನ ಲೆಕ್ಕಕ್ಕೆ ಒಗ್ಗುವುದಿಲ್ಲ. ಎರಡನೆಯ ಪಂಪು ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂದು ತಿಳಿಯಬೇಕಾದರೆ ಮೊದಲು ಆ ಕೊಳ ಎಂಥದು ಎಂದು ನೋಡಬೇಕು.

ತಗಡಿನ ಹಂಡೆ

ನೆಲ ಅಗೆಯದೆ, ಗಾರೆ ಹಾಕದೆ, ಸಮತಟ್ಟು ಮಾಡಿದ ಜಾಗದ ಮೇಲೆ ನಿಲ್ಲಿಸುವ ಕೊಳ ಇದು. ಒಂದು ಮಿಲಿಮೀಟರಿಗಿಂತ ತೆಳುವಾದ ಲೋಹದ ತಗಡನ್ನು ದುಂಡಗೆ ಸುತ್ತಿ, ಒಳಗೆ ವಿನೈಲ್ ಹಾಳೆ ಹಾಸಿ, ನೀರು ತುಂಬುತ್ತಾರೆ. ಬಚ್ಚಲುಮನೆಯ ಹಂಡೆಯನ್ನು ನೂರಾರು ಪಟ್ಟು ದೊಡ್ಡದು ಮಾಡಿ ಹಿತ್ತಿಲಿನಲ್ಲಿಟ್ಟಂತೆ. 24 ಅಡಿ ವ್ಯಾಸದ ಕೊಳದಲ್ಲಿ 4 ಅಡಿ ನೀರು ನಿಂತರೆ ಅದು ಸುಮಾರು 51,000 ಲೀಟರ್. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ 12,000 ಲೀಟರಿನ ನಾಲ್ಕು ಟ್ಯಾಂಕರ್ ತುಂಬಿ ಮಿಗುವಷ್ಟು. ತೂಕ 51 ಟನ್. ಇಷ್ಟು ನೀರು ಸುತ್ತಲ ತಗಡನ್ನು ಎಳೆದು ಹರಿಯಲು ನೋಡುತ್ತಲೇ ಇರುತ್ತದೆ. ಆ ಎಳೆತ ಸುಮಾರು 2.7 ಟನ್ನಿನಷ್ಟು. ಪೀಪಾಯಿಗೆ ಬಿಗಿದ ಕಬ್ಬಿಣದ ಪಟ್ಟಿ ಮಾಡುವ ಕೆಲಸವನ್ನು ಇಲ್ಲಿ ಇಡೀ ತಗಡು ಮಾಡುತ್ತಿರುತ್ತದೆ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಕೊಳದ ಅಂಚಿನಲ್ಲಿ, ನೀರಿನ ಮೇಲ್ಮಟ್ಟಕ್ಕೆ ಸರಿಯಾಗಿ ಒಂದು ಬಾಯಿ. ಅದಕ್ಕೆ ಸ್ಕಿಮ್ಮರ್ ಎಂದು ಹೆಸರು. ತೇಲುವ ಎಲೆ, ಹುಳು, ಕೂದಲು ಎಲ್ಲ ನೀರಿನೊಡನೆ ಅದರೊಳಕ್ಕೆ ಹೋಗಿ ಬುಟ್ಟಿಯಲ್ಲಿ ಸಿಕ್ಕಿಕೊಳ್ಳುತ್ತವೆ. ನೀರು ಮಾತ್ರ ಪೈಪಿನ ಮೂಲಕ ಪಂಪಿಗೆ, ಪಂಪಿನಿಂದ ಮರಳಿನ ಫಿಲ್ಟರಿಗೆ, ಅಲ್ಲಿಂದ ಮತ್ತೆ ಕೊಳಕ್ಕೆ. ಗಂಟೆಗೆ 9,000 ಲೀಟರ್ ನೂಕುವ ಪಂಪಿದ್ದರೆ 51,000 ಲೀಟರ್ ಹಾದುಹೋಗಲು ಐದೂಮುಕ್ಕಾಲು ಗಂಟೆ ಸಾಕು. ಇದನ್ನು ಒಂದು ಸುತ್ತು ಎನ್ನುತ್ತಾರೆ.

ಒಂದು ಸುತ್ತು ಮುಗಿದರೆ ನೀರೆಲ್ಲ ಸೋಸಿದಂತಾಯಿತೇ? ಇಲ್ಲ. ಕೆಸರು ನೀರಿನ ಪಾತ್ರೆಯಿಂದ ಒಂದೊಂದೇ ಸೌಟು ತೆಗೆದು, ಬಟ್ಟೆಯಲ್ಲಿ ಸೋಸಿ, ಅದೇ ಪಾತ್ರೆಗೆ ಸುರಿಯುತ್ತ ಹೋಗಿ. ಪಾತ್ರೆಯಲ್ಲಿ ನೂರು ಸೌಟು ನೀರಿದೆ ಎಂದುಕೊಂಡರೆ, ನೂರು ಸೌಟು ಸೋಸಿದ ಮೇಲೂ ನೀರು ತಿಳಿಯಾಗಿರುವುದಿಲ್ಲ. ಒಮ್ಮೆ ಸೋಸಿದ ನೀರೇ ಮತ್ತೆ ಮತ್ತೆ ಸೌಟಿಗೆ ಬಂದಿರುತ್ತದೆ, ಒಮ್ಮೆಯೂ ಬಾರದ ನೀರು ಪಾತ್ರೆಯಲ್ಲೇ ಉಳಿದಿರುತ್ತದೆ. ಅಮೆರಿಕದ ಗೇಜ್ ಮತ್ತು ಬಿಡ್ವೆಲ್ ಎಂಬ ಇಬ್ಬರು 1926ರಲ್ಲಿ ಇದನ್ನು ಈಜುಕೊಳಗಳಿಗೆ ಅನ್ವಯಿಸಿ ನಿಯಮವಾಗಿ ಮುಂದಿಟ್ಟರು. ಒಂದು ಸುತ್ತಿನಲ್ಲಿ ಫಿಲ್ಟರಿನ ಮೂಲಕ ಹಾಯುವುದು ಕೊಳದ ನೀರಿನಲ್ಲಿ ನೂರಕ್ಕೆ 63 ಪಾಲು. ಎರಡು ಸುತ್ತಿಗೆ 86, ಮೂರಕ್ಕೆ 95, ನಾಲ್ಕಕ್ಕೆ 98. ನೂರಕ್ಕೆ ನೂರು ಎಂಬುದು ಎಂದಿಗೂ ಇಲ್ಲ. ಹೊಸ ಕೊಳೆ ಬೀಳುವುದೂ ನಿಲ್ಲುವುದಿಲ್ಲವಲ್ಲ!

ಬದಲಿಸುವ ನೀರು, ಸೋಸುವ ನೀರು

ಇಂದು ಹಿತ್ತಿಲಿನಲ್ಲಿ ಗುನುಗುಡುವ ಈ ಮರಳಿನ ಡಬ್ಬಿಗೆ ದೊಡ್ಡ ವಂಶಾವಳಿಯೇ ಇದೆ. ಸ್ಕಾಟ್ಲೆಂಡಿನ ಪೇಸ್ಲಿ ಎಂಬಲ್ಲಿ ಬಟ್ಟೆ ಬಿಳುಪು ಮಾಡುವ ಕಾರ್ಖಾನೆ ಇಟ್ಟಿದ್ದ ಜಾನ್ ಗಿಬ್, 1804ರಲ್ಲಿ ತನ್ನ ಕೆಲಸಕ್ಕೆಂದು ನೀರನ್ನು ಮರಳಿನಲ್ಲಿ ಸೋಸಿ, ಮಿಕ್ಕದ್ದನ್ನು ಊರಿನವರಿಗೆ ಮಾರಿದ. 1829ರಲ್ಲಿ ಜೇಮ್ಸ್ ಸಿಂಪ್ಸನ್ ಲಂಡನ್ನಿನ ಚೆಲ್ಸಿಯಲ್ಲಿ ಒಂದು ಎಕರೆಯಷ್ಟು ಮರಳು ಹಾಸಿ ಥೇಮ್ಸ್ ನದಿಯ ನೀರನ್ನು ಸೋಸತೊಡಗಿದ. ಕಣ್ಣಿಗೆ ಕಾಣುವ ಕೊಳೆ ಹೋದರೆ ಸಾಕು ಎಂಬಷ್ಟೇ ಅಂದಿನವರ ಆಸೆ. ಮರಳು ಅದಕ್ಕಿಂತ ಹೆಚ್ಚಿನದನ್ನು ತಡೆಯುತ್ತದೆ ಎಂದು ಜಗತ್ತಿಗೆ ಮನದಟ್ಟಾದದ್ದು 1892ರಲ್ಲಿ, ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ. ಎಲ್ಬ್ ನದಿಯ ನೀರನ್ನು ಸೋಸದೆ ಕುಡಿಯುತ್ತಿದ್ದ ಆ ನಗರದಲ್ಲಿ ಕಾಲರಾ ಹರಡಿ 8,000ಕ್ಕೂ ಹೆಚ್ಚು ಜನ ಸತ್ತರು. ಪಕ್ಕದ ಆಲ್ಟೋನಾ ಪಟ್ಟಣದವರು ಕುಡಿದದ್ದೂ ಅದೇ ನದಿಯ ನೀರನ್ನು, ಆದರೆ ಮರಳಿನಲ್ಲಿ ಸೋಸಿ. ಎರಡೂ ಊರುಗಳು ಕೂಡುವ ಬೀದಿಯಲ್ಲಿ ಒಂದು ಬದಿಯ ಮನೆಗಳಲ್ಲಿ ಹೆಣಗಳು, ಇನ್ನೊಂದು ಬದಿಯ ಮನೆಗಳು ಕ್ಷೇಮ. ರಾಬರ್ಟ್ ಕಾಕ್ ಈ ವ್ಯತ್ಯಾಸವನ್ನು ಎತ್ತಿ ತೋರಿಸಿದ ಮೇಲೆ ಮರಳಿನ ಫಿಲ್ಟರಿನ ಬಗ್ಗೆ ವಾದ ಉಳಿಯಲಿಲ್ಲ.

ಈಜುಕೊಳಗಳಿಗೆ ಈ ಬುದ್ಧಿ ತಡವಾಗಿ ಬಂತು. ಅಮೆರಿಕದ ಹಳೆಯ ಸಾರ್ವಜನಿಕ ಕೊಳಗಳದು ತುಂಬು, ಬಳಸು, ಚೆಲ್ಲು ಎಂಬ ಪದ್ಧತಿ. ತುಂಬಿದ ದಿನ ನೀರು ತಿಳಿ, ಚೆಲ್ಲುವ ಹಿಂದಿನ ದಿನ ಕಲಗಚ್ಚು. 1910ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಕೊಳಕ್ಕೆ ಜೆ. ಡಬ್ಲ್ಯು. ಎಂ. ಬಂಕರ್ ಕ್ಲೋರಿನ್ ಹಾಕಿ ರೋಗಾಣುಗಳನ್ನು ಕೊಂದು ತೋರಿಸಿದ. ಅಲ್ಲಿಂದ ಮುಂದೆ ಸೋಸುವುದು ಮತ್ತು ಕ್ಲೋರಿನ್ ಜೊತೆಯಾಗಿ ಸಾಗಿದವು. ಒಮ್ಮೆ ತುಂಬಿದ ನೀರನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಳಸಬಹುದು ಎಂಬುದು ಹೊಸ ಮಾತಾಗಿತ್ತು.

ಆದರೆ ನೀರು ಬದಲಿಸುವ ದಿನ ಯಾವುದು ಎಂಬುದು ಬರಿಯ ಆರೋಗ್ಯದ ಪ್ರಶ್ನೆಯಾಗಿ ಉಳಿದಿರಲಿಲ್ಲ. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಬ್ರೂಕ್‌ಸೈಡ್ ಎಂಬ ಸಾರ್ವಜನಿಕ ಕೊಳ 1914ರಲ್ಲಿ ಆರಂಭವಾಯಿತು. ಬಿಳಿಯರಲ್ಲದವರಿಗೆ ಅಲ್ಲಿ ವಾರಕ್ಕೆ ಒಂದೇ ದಿನ ಪ್ರವೇಶ. ಆ ದಿನ ಮುಗಿದ ಮೇಲೆ ಕೊಳವನ್ನು ಬರಿದು ಮಾಡಿ, ತೊಳೆದು, ಹೊಸ ನೀರು ತುಂಬುತ್ತಿದ್ದರು. ಮುಂದೆ ಬೇಸ್‌ಬಾಲ್ ಆಟದಲ್ಲಿ ವರ್ಣಭೇದದ ಗೋಡೆ ಒಡೆದ ಜ್ಯಾಕಿ ರಾಬಿನ್ಸನ್ ಬೆಳೆದ ಊರು ಅದು. ಈಜಿದವನ ಮೈಬಣ್ಣದಿಂದ ನೀರು ಕೆಡುತ್ತದೆ ಎಂಬುದು ಯಾವ ಫಿಲ್ಟರಿಗೂ ಸಿಗದ ಕೊಳೆ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಅವರ ನೇತೃತ್ವದಲ್ಲಿ ದಲಿತರು ಮಹಾಡದ ಚವದಾರ್ ಕೆರೆಯ ನೀರು ಕುಡಿದಾಗ, ಆಮೇಲೆ ಸನಾತನಿಗಳು ಅದೇ ಕೆರೆಗೆ ಕೊಡಗಟ್ಟಲೆ ಪಂಚಗವ್ಯ ಸುರಿದು 'ಶುದ್ಧಿ' ಮಾಡಿದ್ದನ್ನು ಬಲ್ಲವರಿಗೆ ಪ್ಯಾಸಡೀನಾದ ಕಥೆ ಪರದೇಶದ್ದು ಎನಿಸಲಾರದು.

1949ರ ಜೂನ್ 21ರಂದು ಸೇಂಟ್ ಲೂಯಿ ನಗರದ ಫೇರ್‌ಗ್ರೌಂಡ್ ಉದ್ಯಾನದ ಭಾರೀ ಈಜುಕೊಳಕ್ಕೆ ಕಪ್ಪು ಜನರನ್ನೂ ಬಿಟ್ಟಾಗ ಬಿಳಿಯರ ಗುಂಪು ಅವರ ಮೇಲೆ ಬಿತ್ತು. ಆಮೇಲೆ ನ್ಯಾಯಾಲಯದ ಆದೇಶದಂತೆ ಕೊಳ ಎಲ್ಲರಿಗೂ ತೆರೆಯಿತು. ಬಿಳಿಯರು ಅತ್ತ ಬರುವುದನ್ನೇ ಬಿಟ್ಟರು, ಕೆಲವೇ ವರ್ಷಗಳಲ್ಲಿ ಕೊಳ ಮುಚ್ಚಿತು. ಬೇರೆ ಊರುಗಳಲ್ಲೂ ಇದೇ ನಡೆಯಿತು. ಈಜುಕೊಳಗಳ ಸಾಮಾಜಿಕ ಇತಿಹಾಸ ಬರೆದ ಜೆಫ್ ವಿಲ್ಟ್ಸ್ ಅವರ ಪ್ರಕಾರ, ನೆಲದಲ್ಲಿ ತೋಡಿದ ಸ್ವಂತ ಕೊಳ 1950ರಲ್ಲಿ ಅಮೆರಿಕದ ಸುಮಾರು 2,500 ಕುಟುಂಬಗಳಿಗಷ್ಟೇ ಇತ್ತು. ಶತಮಾನ ಮುಗಿಯುವ ಹೊತ್ತಿಗೆ ಆ ಸಂಖ್ಯೆ 40 ಲಕ್ಷ. ಎಲ್ಲರೂ ವರ್ಣದ್ವೇಷದಿಂದಲೇ ಕೊಳ ಕಟ್ಟಿಸಿದರು ಎಂದರೆ ಅನ್ಯಾಯವಾದೀತು. ಯುದ್ಧಾನಂತರದ ಸಂಪಾದನೆ, ಉಪನಗರದ ವಿಶಾಲ ಹಿತ್ತಿಲು, ಅಗ್ಗವಾದ ಸಾಮಗ್ರಿ ಎಲ್ಲವೂ ಸೇರಿದವು. ನೆಲ ತೋಡಿಸುವಷ್ಟು ಹಣವಿಲ್ಲದವರಿಗೆ ತಗಡಿನ ಹಂಡೆ ಒದಗಿತು. ಊರಿನ ಕೊಳವನ್ನು ನೋಡಿಕೊಳ್ಳಲು ನಗರಸಭೆಯ ಎಂಜಿನಿಯರ್ ಇದ್ದ. ಹಿತ್ತಿಲ ಕೊಳಕ್ಕೆ ಮನೆಯ ಯಜಮಾನನೇ ಎಂಜಿನಿಯರ್. ಎರಡನೆಯ ಪಂಪಿನ ಯೋಚನೆ ಹುಟ್ಟುವುದು ಅಲ್ಲಿಂದಲೇ.

ಒಂದೇ ಪೈಪಿಗೆ ಇಬ್ಬರು

ಮೊದಲು ಹೊಳೆಯುವ ಉಪಾಯವೆಂದರೆ ಈಗಿರುವ ಪೈಪಿಗೇ ಇನ್ನೊಂದು ಪಂಪನ್ನು ಸೇರಿಸುವುದು. ದುಡ್ಡು ದಂಡವಾಗುವುದೂ ಇಲ್ಲೇ. ಪೈಪಿನೊಳಗೆ ನೀರಿನ ವೇಗ ಎರಡು ಪಟ್ಟಾದರೆ ಉಜ್ಜಾಟದ ತಡೆ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಒಂದೂವರೆ ಇಂಚಿನ ಪೈಪಿನಲ್ಲಿ ಮೊದಲನೆಯ ಪಂಪೇ ಏದುಸಿರು ಬಿಡುತ್ತಿದ್ದರೆ ಎರಡನೆಯದು ಸೇರಿದಾಗ ಹೆಚ್ಚುವುದು ಸ್ವಲ್ಪ ನೀರು, ಬಹಳ ಸದ್ದು. ಎರಡರಲ್ಲಿ ಒಂದು ಬಲವಾದದ್ದಾದರೆ ಅದು ಇನ್ನೊಂದರ ಬಾಯಿಯ ನೀರನ್ನೇ ಕಸಿದುಕೊಳ್ಳುತ್ತದೆ. ಒಂದೇ ತಟ್ಟೆಗೆ ಕೂತ ಅಣ್ಣತಮ್ಮಂದಿರಂತೆ! ಸೋತ ಪಂಪು ಸಾಕಷ್ಟು ನೀರಿಲ್ಲದೆ ಬಿಸಿಯಾಗಿ ಕೆಡುತ್ತದೆ.

ಫಿಲ್ಟರಿಗೂ ಅತಿವೇಗ ಆಗದು. ಮರಳು ಕೊಳೆ ಹಿಡಿಯುವುದು ನೀರು ನಿಧಾನವಾಗಿ ಹಾದಾಗ. ರಭಸ ಹೆಚ್ಚಾದರೆ ಹಿಡಿದ ಕೊಳೆಯನ್ನೂ ನೀರು ಆಚೆ ನೂಕಿಬಿಡುತ್ತದೆ. ಚಿಕ್ಕ ಫಿಲ್ಟರಿಗೆ ದೊಡ್ಡ ಪಂಪು ಕೂರಿಸಿ, ನೀರು ಮೊದಲಿಗಿಂತ ಮಬ್ಬಾಯಿತು ಎಂದು ಅಂಗಡಿಯವನನ್ನು ಬೈಯುವವರು ಉಂಟು.

ಆದ್ದರಿಂದ ಎರಡನೆಯ ಪಂಪು ಬೇಕೇ ಬೇಕು ಎಂದಾದರೆ ಅದಕ್ಕೆ ಬೇರೆಯದೇ ದಾರಿ ಮಾಡಬೇಕು. ಬೇರೆ ಸ್ಕಿಮ್ಮರ್, ಬೇರೆ ಪೈಪು, ಬೇರೆ ಫಿಲ್ಟರ್, ನೀರು ಮರಳಿ ಬೀಳಲು ಬೇರೆ ಬಾಯಿ. ಎಂದರೆ ತಗಡಿನಲ್ಲಿ ಹೊಸದಾಗಿ ಎರಡು ತೂತು. 2.7 ಟನ್ ಎಳೆತದ ಮಾತು ಈಗ ನೆನಪಿಗೆ ಬರಬೇಕು. ಕೊರೆದ ಅಂಚು ಸೀಳಿದ್ದರೆ, ಒರಟಾಗಿದ್ದರೆ, ತುಕ್ಕು ಹಿಡಿದರೆ ಎಳೆತವೆಲ್ಲ ಅಲ್ಲಿಗೇ ಬಂದು ಸೇರುತ್ತದೆ. ತಗಡು ಅಲ್ಲಿಂದ ಹರಿದರೆ 51 ಟನ್ ನೀರು ಕ್ಷಣಾರ್ಧದಲ್ಲಿ ಪಕ್ಕದ ಮನೆಯ ಅಂಗಳದಲ್ಲಿ. ತೂತಿನ ಗೊಡವೆ ಬೇಡ ಎನ್ನುವವರು ಗೋಡೆಯ ಮೇಲಿಂದ ಕೊಳವೆ ಇಳಿಬಿಡುತ್ತಾರೆ. ಅದಕ್ಕೂ ಒಂದು ಎಚ್ಚರ ಬೇಕು. ಪಂಪು ಕೂರುವುದು ನೆಲದ ಮೇಲೆ, ನೀರಿನ ಮಟ್ಟ ಅದಕ್ಕಿಂತ ಮೇಲೆ. ಹೊರಗಡೆ ಕೊಳವೆ ಕಳಚಿಕೊಂಡರೆ ಪಂಪು ನಿಂತಿದ್ದರೂ ನೀರು ತಾನೇ ಹರಿದುಹೋಗುತ್ತದೆ. ನಮ್ಮವರು ಡ್ರಮ್ಮಿನಿಂದ ಸೀಮೆಎಣ್ಣೆ ತೆಗೆಯುತ್ತಿದ್ದ ಉಪಾಯವೇ ಇಲ್ಲಿ ಅಪಾಯ. ಪ್ರತಿ ಪೈಪಿಗೂ ಒಂದು ವಾಲ್ವು ಇರಲೇಬೇಕು ಎನ್ನುವುದು ಅದಕ್ಕೇ.

ಮರಳಿ ಬೀಳುವ ನೀರು ಯಾವ ಕಡೆಗೆ ಮುಖ ಮಾಡಿರಬೇಕು ಎಂಬುದೂ ಮುಖ್ಯ. ಎರಡೂ ಧಾರೆಗಳು ಒಂದೇ ದಿಕ್ಕಿಗೆ ಓರೆಯಾಗಿ ಬಿದ್ದರೆ ಕೊಳದ ನೀರೆಲ್ಲ ಮಜ್ಜಿಗೆ ಕಡೆದಂತೆ ಸುತ್ತುತ್ತದೆ. ಎದುರುಬದುರಾದರೆ ಒಂದನ್ನೊಂದು ಕೊಂದುಕೊಳ್ಳುತ್ತವೆ. ಆಗ ಏಣಿಯ ಹಿಂದೆ ನೀರು ಸತ್ತಂತೆ ನಿಂತು ಮೊದಲ ಪಾಚಿ ಕಟ್ಟುವುದು ಅಲ್ಲೇ. ಹೀಗೆ ಸುತ್ತುವ ದುಂಡು ಕೊಳದಲ್ಲಿ ಭಾರದ ಕಸ ಅಂಚಿಗೆ ಹೋಗದೆ ತಳದ ನಡುವೆ ಬಂದು ಕೂರುತ್ತದೆ. ಲೋಟದಲ್ಲಿ ಚಮಚ ತಿರುಗಿಸಿದಾಗ ಚಹಾ ಸೊಪ್ಪು ನಡುವಿಗೆ ಬರುವುದೇಕೆ ಎಂದು ಐನ್‌ಸ್ಟೈನ್ 1926ರಲ್ಲಿ ವಿವರಿಸಿದ್ದು ಇದೇ ವಿದ್ಯಮಾನವನ್ನು. ಗೇಜ್ ಮತ್ತು ಬಿಡ್ವೆಲ್ಲರ ಲೆಕ್ಕ ಬಂದದ್ದೂ ಅದೇ ವರ್ಷ ಎಂಬುದು ಕಾಕತಾಳೀಯ. ನಡುವಿನ ಕಸ ಸ್ಕಿಮ್ಮರಿನ ಬಾಯಿಗೆ ಎಂದೂ ಬರುವುದಿಲ್ಲ. ಎರಡು ಪಂಪಿದ್ದರೂ ಅದನ್ನು ಕೈಯಾರೆ ಹೀರಿ ತೆಗೆಯಬೇಕು.

ಇಷ್ಟೆಲ್ಲ ಸರಿಯಾಗಿ ಮಾಡಿದರೆ ಲಾಭವೇನು? ಒಂದು ಪಂಪು ದಿನಕ್ಕೆ 8 ಗಂಟೆ ಓಡಿದರೆ ಸುಮಾರು 1.4 ಸುತ್ತು. ಕೊಳದ ನೀರಿನಲ್ಲಿ ನೂರಕ್ಕೆ 75 ಪಾಲು ಫಿಲ್ಟರ್ ಕಂಡಿರುತ್ತದೆ. ಅಷ್ಟೇ ಬಲದ ಎರಡನೆಯ ಪಂಪು ಸ್ವಂತ ದಾರಿಯಲ್ಲಿ ಜೊತೆಗೂಡಿದರೆ 94 ಪಾಲು. ಒಳ್ಳೆಯದೇ. ಆದರೆ ಹಳೆಯ ಒಂದೇ ಪಂಪನ್ನು 16 ಗಂಟೆ ಓಡಿಸಿದರೂ ಸಿಗುವುದು ಅದೇ 94! ಎರಡನೆಯ ಪಂಪಿನಿಂದ ಉಳಿಯುವುದು ಸಮಯ. ಮಗನ ಹುಟ್ಟುಹಬ್ಬಕ್ಕೆ ಹದಿನೈದು ಮಕ್ಕಳು ಇಳಿದು ಎದ್ದ ಸಂಜೆ, ಅಥವಾ ಒಂದು ಪಂಪು ಕೆಟ್ಟು ಮೆಕ್ಯಾನಿಕ್ ಬಾರದ ವಾರ, ಅದರ ಬೆಲೆ ತಿಳಿಯುತ್ತದೆ. ದಿನನಿತ್ಯದ ಮಾತಿನಲ್ಲಿ ನಿಧಾನವೇ ಲಾಭ. ಪಂಪಿನ ವೇಗವನ್ನು ಅರ್ಧಕ್ಕಿಳಿಸಿದರೆ ನೀರು ಅರ್ಧಕ್ಕಿಳಿಯುತ್ತದೆ, ಬೇಕಾಗುವ ಶಕ್ತಿ ಮಾತ್ರ ಎಂಟನೆಯ ಒಂದು ಭಾಗಕ್ಕೆ ಬರುತ್ತದೆ. ಎರಡು ಪಟ್ಟು ಹೊತ್ತು ಓಡಿಸಿದರೂ ಲೆಕ್ಕದಲ್ಲಿ ಕರೆಂಟು ಕಾಲುಭಾಗ. 2021ರ ಜುಲೈಯಿಂದ ಅಮೆರಿಕ ಸರ್ಕಾರ ಈಜುಕೊಳದ ಹೊಸ ಪಂಪುಗಳಿಗೆ ದಕ್ಷತೆಯ ನಿಯಮ ಜಾರಿಗೆ ತಂದದ್ದು ಇದೇ ಲೆಕ್ಕದ ಮೇಲೆ.

ಮರಳಿಗೆ ಸಿಗದ ಜೀವಿ

ಕೆಲವು ರೋಗಾಣುಗಳ ಮುಂದೆ ಪಂಪುಗಳ ಸಂಖ್ಯೆಗೆ ಅರ್ಥವೇ ಇಲ್ಲ. 1993ರ ವಸಂತದಲ್ಲಿ ಅಮೆರಿಕದ ಮಿಲ್‌ವಾಕಿ ನಗರದಲ್ಲಿ ಅಂದಾಜು 4,03,000 ಜನ ಭೇದಿಯಿಂದ ನರಳಿದರು. ರೋಗನಿರೋಧಕ ಶಕ್ತಿ ಕುಂದಿದ್ದ ಹಲವರು ಸತ್ತರು. ನಲ್ಲಿಯ ನೀರಿಗೆ ಕ್ಲೋರಿನ್ ಹಾಕಿತ್ತು, ಫಿಲ್ಟರೂ ಇತ್ತು. ಎರಡನ್ನೂ ದಾಟಿ ಬಂದದ್ದು ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿ. ಅದರ ಗಾತ್ರ ಮಿಲಿಮೀಟರಿನ ಸಾವಿರದಲ್ಲಿ ನಾಲ್ಕರಿಂದ ಆರು ಭಾಗ. ಈಜುಕೊಳದ ಮರಳು ಹಿಡಿಯುವುದು ಸುಮಾರು 20 ಭಾಗಕ್ಕಿಂತ ದೊಡ್ಡದನ್ನು. ಸಾಮಾನ್ಯ ರೋಗಾಣುವನ್ನು ಒಂದು ನಿಮಿಷದಲ್ಲಿ ಕೊಲ್ಲುವಷ್ಟು ಕ್ಲೋರಿನ್ನಿನಲ್ಲಿ ಈ ಜೀವಿ ಹತ್ತು ದಿನ ಬದುಕುತ್ತದೆ. ಭೇದಿಯಾದ ಒಂದು ಮಗು ಕೊಳಕ್ಕಿಳಿದರೂ ಸಾಕು. ಭೇದಿ ನಿಂತು ಎರಡು ವಾರವಾಗುವವರೆಗೆ ಈಜಬೇಡಿ ಎಂದು ಅಲ್ಲಿನ ವೈದ್ಯರು ಹೇಳುವುದು ಅದಕ್ಕೆ.

ಇಂಥ ಕಡೆ ಮೊದಲಿನಂಥದೇ ಇನ್ನೊಂದು ಮರಳಿನ ಡಬ್ಬಿ ಇಟ್ಟು ಪ್ರಯೋಜನವಿಲ್ಲ. ಎರಡನೆಯದು ಬೇರೆ ಜಾತಿಯದಾದರೆ ಸ್ವಲ್ಪ ಉಪಯೋಗ. ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ಚಿಪ್ಪುಗಳು ಯುಗಯುಗಾಂತರ ಕೂಡಿಬಿದ್ದು ಆದ ಬಿಳಿ ಪುಡಿಯೊಂದಿದೆ. ಅದನ್ನು ಬಟ್ಟೆಯ ಮೇಲೆ ಲೇಪಿಸಿ ನೀರು ಹಾಯಿಸಿದರೆ ಮೂರರಿಂದ ಐದು ಭಾಗದಷ್ಟು ಸಣ್ಣದನ್ನೂ ತಡೆಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಆಮಶಂಕೆಯಿಂದ ಉಳಿಸಲು ಅಮೆರಿಕದ ಸೇನೆ ಬೆಳೆಸಿದ ವಿಧಾನ ಇದು. ಯುದ್ಧ ಮುಗಿದ ಮೇಲೆ ಈಜುಕೊಳಗಳಿಗೆ ಇಳಿಯಿತು.

ಇನ್ನೊಂದು ಅಪಾಯ ಪಂಪಿನದೇ. 2002ರ ಜೂನ್‌ನಲ್ಲಿ ವರ್ಜೀನಿಯಾ ಗ್ರೇಮ್ ಬೇಕರ್ ಎಂಬ ಏಳು ವರ್ಷದ ಹುಡುಗಿ ಬಿಸಿನೀರಿನ ತೊಟ್ಟಿಯ ತಳದ ಬಾಯಿಗೆ ಹೀರಿ ಸಿಕ್ಕಿಕೊಂಡಳು. ಎಳೆದು ಬಿಡಿಸುವಷ್ಟರಲ್ಲಿ ಮುಚ್ಚಳವೇ ಮುರಿದಿತ್ತು, ಮಗು ಉಳಿಯಲಿಲ್ಲ. ಆಕೆ ಮಾಜಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ ಅವರ ಮೊಮ್ಮಗಳು. ಸುಮಾರು 20 ಸೆಂಟಿಮೀಟರ್ ಅಗಲದ ಬಾಯನ್ನು ಮೈ ಪೂರ್ತಿ ಮುಚ್ಚಿಕೊಂಡಾಗ, ವಾಯುಭಾರದ ಅರ್ಧದಷ್ಟು ನಿರ್ವಾತ ಉಂಟಾದರೂ ಹಿಡಿತ 160 ಕಿಲೋ ತೂಕಕ್ಕೆ ಸಮ. ತಾಯಿ ಐದು ವರ್ಷ ಹೋರಾಡಿದ ಮೇಲೆ 2007ರ ಡಿಸೆಂಬರಿನಲ್ಲಿ ಮಗುವಿನ ಹೆಸರಿನಲ್ಲೇ ಕಾನೂನು ಬಂತು. ಅಲ್ಲಿ ಮಾರುವ ತಳದ ಮುಚ್ಚಳಗಳು ಗೊತ್ತುಪಡಿಸಿದ ಮಾದರಿಯಲ್ಲೇ ಇರಬೇಕು, ಸಾರ್ವಜನಿಕ ಕೊಳಗಳು ಅವನ್ನೇ ಅಳವಡಿಸಬೇಕು. ಆದರೆ ಹಿತ್ತಿಲಿನಲ್ಲಿ ತೂತು ಕೊರೆಯುವವನ ಬೆನ್ನ ಹಿಂದೆ ಯಾವ ಇನ್ಸ್‌ಪೆಕ್ಟರನೂ ನಿಂತಿರುವುದಿಲ್ಲ. ತಗಡಿನ ಕೊಳಗಳಲ್ಲಿ ತಳದ ಬಾಯಿ ಸಾಮಾನ್ಯವಾಗಿ ಇರುವುದಿಲ್ಲ ಎಂಬುದೇ ಒಂದು ಸಮಾಧಾನ. ಎರಡನೆಯ ಪಂಪಿಗೆಂದು ನೀರಿನ ಕೆಳಮಟ್ಟದಲ್ಲಿ ಹೊಸದೊಂದು ಹೀರುಬಾಯಿ ಇಟ್ಟರೆ ಆ ಸಮಾಧಾನವೂ ಹೋಗುತ್ತದೆ. ಇಡಲೇಬೇಕಾದರೆ ದೂರ ದೂರದಲ್ಲಿ ಎರಡು ಬಾಯಿ ಇಟ್ಟು ಒಂದೇ ಪೈಪಿಗೆ ಕೂಡಿಸಬೇಕು. ಒಂದನ್ನು ಮೈ ಮುಚ್ಚಿದರೂ ಪಂಪು ಇನ್ನೊಂದರಿಂದ ಎಳೆದುಕೊಳ್ಳುತ್ತದೆ.

ಬೆಂಗಳೂರಿನಲ್ಲಿ ತಗಡಿನ ಕೊಳಗಳಿಗಿಂತ ವಸತಿ ಸಮುಚ್ಚಯಗಳ ಗಾರೆಯ ಕೊಳಗಳೇ ಹೆಚ್ಚು. ಸುತ್ತಿನ ಲೆಕ್ಕ ಅಲ್ಲಿಯೂ ಇದೇ. 2024ರ ಬರಗಾಲದ ಮಾರ್ಚ್‌ನಲ್ಲಿ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಅಂಥ ಬೇಸಿಗೆಯಲ್ಲಿ ಕೊಳದ ನೀರು ಕೆಟ್ಟರೆ ಚೆಲ್ಲಿ ತುಂಬುವ ಹಳೆಯ ದಾರಿ ಇಲ್ಲ. ಫಿಲ್ಟರ್ ತೊಳೆಯುವುದಕ್ಕೂ ನೀರು ಬೇಕು. ಮರಳಿನಲ್ಲಿ ಕೊಳೆ ತುಂಬಿ ಒತ್ತಡದ ಮುಳ್ಳು ಮೇಲೇರಿದಾಗ ನೀರನ್ನು ಹಿಮ್ಮುಖವಾಗಿ ಹಾಯಿಸಿ ಕೊಳೆಯನ್ನು ಚರಂಡಿಗೆ ಬಿಡುತ್ತಾರೆ. ಫಿಲ್ಟರ್ ಎರಡಾದರೆ ತೊಳೆಯಬೇಕಾದದ್ದೂ ಎರಡು.

ಅಮೆರಿಕದ ಹಿತ್ತಿಲುಗಳಲ್ಲಿ ಸೆಪ್ಟೆಂಬರ್ ಮೊದಲ ಸೋಮವಾರದ ರಜೆ ಮುಗಿಯುತ್ತಿದ್ದಂತೆ ಈಜು ಮುಗಿಯುತ್ತದೆ. ಉತ್ತರದ ರಾಜ್ಯಗಳಲ್ಲಿ ಪಂಪಿನೊಳಗೆ ಉಳಿದ ನೀರು ಹೆಪ್ಪುಗಟ್ಟಿದರೆ ಅದು ಬಿರಿಯುತ್ತದೆ. ಆದ್ದರಿಂದ ಪೈಪು ಕಳಚಿ, ಕೊನೆಯ ತೊಟ್ಟು ನೀರನ್ನೂ ಬಸಿದು, ಎರಡೂ ಪಂಪುಗಳನ್ನು ನೆಲಮಾಳಿಗೆಗೆ ಹೊರುತ್ತಾರೆ. ತಗಡಿನ ತೂತುಗಳಿಗೆ ಬಿರಡೆ ಬಿಗಿದು, ನೀರಿನ ಮೇಲೆ ಮತ್ತೆ ಹಾಳೆ ಎಳೆಯುತ್ತಾರೆ.